ಹನ್ನೊಂದನೇ ಪ್ರಶ್ನೆ

ಏಪ್ರಿಲ್ ೪

ಪ್ರೀತಿಯ ಗೆರೆ,

ಹೇಗಿದ್ದೀಯೇ? ನಿನ್ನ ಯಜಮಾನರ ಸೊಂಟ ಹೇಗಿದೆ? ಮೇಷ್ಟ್ರು ಇನ್ನೂ ಮಲಗಿದಲ್ಲೇ ಇದ್ದಾರೆಯೇ? ನಿನ್ನ ಪತ್ರ ಬಂದು ಹತ್ತು ದಿನವಾಯಿತು, ಉತ್ತರ ತಡವಾಯಿತು, ಬೈಯಬೇಡ. ಕಚೇರಿಯನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದಾರೆ. ನನ್ನ ಮೇಜು ಅಲ್ಲಿ, ಕುರ್ಚಿ ಇಲ್ಲಿ, ಕನ್ನಡಕ ಎಲ್ಲಿ ಎಂದು ಇನ್ನೂ ಹುಡುಕುತ್ತಿದ್ದೇನೆ. ನೀನು ನಿವೃತ್ತಳಾಗಿ ನಾಲ್ಕು ವರ್ಷವಾದರೂ ಇಲ್ಲಿ ನಿನ್ನ ಹೆಸರು ಇನ್ನೂ 'ಗೆರೆ ಮೇಡಂ' ಅಂತಲೇ. ಯಾರ ವರದಿ ಬಂದರೂ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯದೆ ಬಿಟ್ಟವಳೇ ನೀನು? ನಾನಂತೂ ಅಂದಿನಿಂದ ಇಂದಿನವರೆಗೆ ಅದೇ ಕೋಲು. ಅಳತೆಯ ಕೋಲು ಹೆಗಲ ಮೇಲಿಟ್ಟುಕೊಂಡು ಗುಡ್ಡ ಹತ್ತುವುದು, ಇಳಿಯುವುದು.

ನಿನ್ನ ಮನೆಯ ಹಿಂದಿನ ಗುಡ್ಡದ ವಿಷಯ ನೀನು ಕೇಳಿದ್ದು ನಿಜ. ಸರ್ಕಾರಿ ಕಾಡಿನ ಏಳನೇ ತುಂಡನ್ನು ಪೂರ್ತಿ ಕಡಿಯುವ ಪ್ರಸ್ತಾವ ನಮ್ಮ ಶಾಖೆಗೆ ಬಂದಿದೆ. ಕಡಿದರೆ ಮಣ್ಣಿಗೇನು, ನೀರಿಗೇನು, ಕೆಳಗಿರುವವರಿಗೇನು ಎಂದು ತೂಗಿ ನೋಡುವ ಕೆಲಸ ಯಾರ ತಲೆಗೆ ಬಿದ್ದಿದೆ ಹೇಳು ನೋಡೋಣ. ನನ್ನದೇ ತಲೆಗೆ! ಸಾಹೇಬರು ಹೊಸಬರು, ಚಿಕ್ಕ ವಯಸ್ಸು, ನಾವಿಬ್ಬರು ಯಾರೆಂದು ಅವರಿಗೆ ಗೊತ್ತಿಲ್ಲ. ನಾನೂ ಬಾಯಿಬಿಡಲಿಲ್ಲ. ಹದಿನೆಂಟನೇ ತಾರೀಕು ಬರುತ್ತೇನೆ.

ನೀನು ಆಕ್ಷೇಪಣೆ ಬರೆಯುವ ಗೋಜಿಗೆ ಹೋಗಬೇಡ. ಮಾಜಿ ಮುಖ್ಯಸ್ಥೆ ಸಹಿ ಹಾಕಿದ ಕಾಗದ ಕಂಡರೆ ಗುತ್ತಿಗೆದಾರ ಸುಮ್ಮನಿರುತ್ತಾನೆಯೇ? 'ತಮ್ಮ ಮನೆ ಅಂತ ಪ್ರಭಾವ ಬೀರ್ತಿದ್ದಾರೆ' ಅಂತ ಊರೆಲ್ಲ ಕೂಗುತ್ತಾನೆ. ಹೊರಗಿನ ತಜ್ಞರನ್ನೂ ಕರೆಸಬೇಡ. ನಾನಿದ್ದೀನಲ್ಲ. ನಮೂನೆಯ ಕೊನೆಯಲ್ಲಿ 'ಮಳೆಯಲ್ಲಿ ಮರುಪರಿಶೀಲನೆ ಅಗತ್ಯ' ಎಂಬ ಚೌಕವಿದೆಯಲ್ಲ, ಅದರಲ್ಲಿ ನಾನೊಂದು ಗುರುತು ಹಾಕಿದರೆ ಈ ವರ್ಷ ಗರಗಸ ಏಳುವುದಿಲ್ಲ. ಮಳೆ ಶುರುವಾದ ಮೇಲೆ ಯಾರು ಬಂದು ನಿಂತರೂ ಗುಡ್ಡ ತಾನೇ ಬಾಯಿಬಿಟ್ಟು ಹೇಳುತ್ತದೆ.

ಇನ್ನೊಂದು ಯೋಚನೆ ಬಂದಿದೆ. ಕುಡಿಯುವ ನೀರಿನ ಕೆರೆಗೆ ಕೆಸರು ನುಗ್ಗಿದ ಆ ಹಳೆಯ ಪ್ರಕರಣದ ಕಡತ ದಾಖಲೆ ಕೋಣೆಯಲ್ಲಿ ಇನ್ನೂ ಇರಬೇಕು. ತೊರೆಯೊಂದನ್ನು ಗುರುತಿಸದೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇ? ಹುಡುಕಿಸಿ ನನ್ನ ವರದಿಗೆ ಜೋಡಿಸುತ್ತೇನೆ. ನನ್ನನ್ನು ಮುಳುಗಿಸಿದ ಕಡತ ನಿನ್ನನ್ನಾದರೂ ದಡ ಸೇರಿಸಲಿ.

ಇದೆಲ್ಲ ಉಪಕಾರ ಅಂದುಕೊಳ್ಳಬೇಡ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಕೆಸರು ಬೂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು ನೀನು. ನಮ್ಮವರೂ ಅಷ್ಟು ಹೊತ್ತು ಕೂರಲಿಲ್ಲ. ಆಮೇಲೆ ವಿಚಾರಣೆಯಲ್ಲಿ ನನ್ನ ಪರ ಮಾತಾಡಿದವಳೂ ನೀನೊಬ್ಬಳೇ. ಅವರು ಕೇಳಲಿಲ್ಲ, ಅದು ನನ್ನ ಹಣೆಬರಹ. ನಾನು ಮಾತ್ರ ಮರೆತಿಲ್ಲ ಕಣೇ.

ಸಕ್ಕರೆ ಉದುರಿಸಿದ ಆ ಬಿಸ್ಕತ್ತು ಎತ್ತಿಟ್ಟಿರಲು ಮೇಷ್ಟ್ರಿಗೆ ಹೇಳು.

ನಿನ್ನ
ಕೋಲು

&nbsp;

ಮೇ ೧೪ (ಕಾರ್ಡು)

ಗೆರೆ,

ಎಲ್ಲ ಸರಿಯಾಗಿ ನಡೆಯುತ್ತಿದೆ. ಕಚೇರಿಗೆ ಬರಬೇಡ, ಫೋನೂ ಮಾಡಬೇಡ, ಸಾಹೇಬರ ಕಿವಿ ಬಹಳ ಚುರುಕು. ಮೇಷ್ಟ್ರನ್ನು ಬಿಟ್ಟು ನೀನು ಎಲ್ಲಿಗೂ ಹೋಗಬೇಡ. ವಿವರವಾಗಿ ಬರೆಯುತ್ತೇನೆ.

ಕೋಲು

&nbsp;

ಜೂನ್ ೩

ಪ್ರೀತಿಯ ಗೆರೆ,

ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ. ನಮ್ಮವರಿಗೆ ಹೊಸ ಹಲ್ಲು ಕಟ್ಟಿಸಿದ್ದೇವೆ, ಈಗ ಜಗಿಯುವುದಕ್ಕಿಂತ ನಗುವುದೇ ಹೆಚ್ಚಾಗಿದೆ. ಪತ್ರ ತಡವಾದದ್ದಕ್ಕೆ ದಯವಿಟ್ಟು ಕ್ಷಮಿಸು. ನಿನ್ನ ನಾಲ್ಕು ಪತ್ರಗಳೂ ಕೈ ಸೇರಿವೆ. ಎರಡು ಸಲ ಕಚೇರಿಗೆ ಫೋನು ಮಾಡಿದ್ದೆಯಂತೆ, ನಾನು ಬೇಡವೆಂದರೂ. ಆ ಎರಡು ಸಲವೂ ನಾನು ಫೋನಿನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. 'ಮೇಡಂ ಕಾಡಿಗೆ ಹೋಗಿದ್ದಾರೆ ಅಂತ ಹೇಳಮ್ಮ' ಎಂದು ಫೋನೆತ್ತಿದವಳಿಗೆ ಹೇಳಿದೆ. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಕಲಿಯುತ್ತಾಳೆ ಬಿಡು. ನಮ್ಮ ಶಾಖೆಯಲ್ಲಿ ಕಲಿಸುವವರಿಗೇನು ಬರವೇ?

ತಡಕ್ಕೆ ಕಾರಣ ಹೇಳುತ್ತೇನೆ, ಆದರೆ ಕ್ರಮವಾಗಿ. ವರದಿ ಕ್ರಮವಾಗಿರಬೇಕು ಅಂತ ನೀನೇ ಹೇಳಿಕೊಟ್ಟದ್ದು.

ಏಪ್ರಿಲ್ ಹದಿನೆಂಟನೇ ತಾರೀಕು ನಾನು ಬಂದದ್ದು ನಿನಗೆ ನೆನಪಿದೆ. ನನಗೂ ಗಳಿಗೆ ಗಳಿಗೆ ನೆನಪಿದೆ, ಏಕೆಂದರೆ ಅವತ್ತು ನಾನು ನಿನ್ನನ್ನು ಪ್ರೀತಿಸುತ್ತಿದ್ದೆ. ಗುತ್ತಿಗೆದಾರನ ಇಂಜಿನಿಯರ್ ಹೊಳೆಯುವ ಬೂಟು ಹಾಕಿಕೊಂಡು ಬಂದು, ಅದಕ್ಕೆ ಮಣ್ಣಾಗುತ್ತದೆಂದು ಜೀಪಿನಿಂದ ಇಳಿಯದೆ ಕೂತ. ನೀನು ಅಡುಗೆಮನೆಯ ಕಿಟಕಿಯ ಕೆಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ. ನಾಲ್ಕು ಮಳೆಗಾಲ, ನಾಲ್ಕು ಪೆನ್ಸಿಲ್ ಗೆರೆ, ನೀರು ಎಲ್ಲಿಯವರೆಗೆ ಬಂತು ಎಂಬುದಕ್ಕೆ. ನಾಲ್ಕನೆಯದು ನನ್ನ ಮಂಡಿಗಿಂತ ಮೇಲೆ. ಪಕ್ಕದ ತೊರೆಯಲ್ಲಿ ಅವತ್ತು ಒಣ ಎಲೆ ಬಿಟ್ಟರೆ ಬೇರೇನಿರಲಿಲ್ಲ, ನಿನ್ನ ಬೆಕ್ಕು ಅದರ ನಡುವೆ ಮಲಗಿತ್ತು.

ಆಮೇಲೆ ಗುಡ್ಡ ಹತ್ತಿದೆ. ನಿನ್ನ ಮಂಡಿ ಕೈಕೊಟ್ಟದ್ದರಿಂದ ನೀನು ಕೆಳಗೇ ನಿಂತೆ.

"ಮರಗಳು ಬಾಗಿವೆಯೇನೇ?" ಅಂತ ನೀನು ಕೂಗಿದೆ.

"ಬಾಗಿವೆ," ಅಂದೆ ನಾನು.

"ಎಷ್ಟು?"

"ಎಣಿಸ್ತೀನಿ ಇರು."

ನಲವತ್ತೊಂದು. ಬುಡದಲ್ಲಿ ಕೆಳಕ್ಕೆ ಬಾಗಿ, ಆಮೇಲೆ ನೆಟ್ಟಗಾಗಿ ಮೇಲಕ್ಕೆ ಹೋದ ನಲವತ್ತೊಂದು ಮರ. ನಾವಿಬ್ಬರೂ ಕೆಲಸ ಕಲಿಯುವಾಗ ಮೊದಲ ವಾರವೇ ಕಲಿತ ಪಾಠ ಅದು. ಮರ ಸುಮ್ಮನೆ ಬಾಗುವುದಿಲ್ಲ. ಕಾಲ ಕೆಳಗಿನ ಮಣ್ಣು ವರ್ಷಕ್ಕೆ ಬೆರಳಗಲದಷ್ಟು ಜಾರುತ್ತಿರುತ್ತದೆ, ಮರ ಪ್ರತಿ ವರ್ಷ ಮತ್ತೆ ನೆಟ್ಟಗೆ ನಿಲ್ಲಲು ನೋಡುತ್ತಿರುತ್ತದೆ. ನಿನ್ನ ಮನೆಯ ಮೇಲಿನ ಆ ಗುಡ್ಡವನ್ನು ಹಿಡಿದುಕೊಂಡಿರುವುದು ಮರದ ಬೇರುಗಳೇ. ಬೇರು ಹೋದರೆ ಗುಡ್ಡ ಬರುತ್ತದೆ, ಬಂದರೆ ಮೊದಲು ಸಿಗುವುದು ನಿನ್ನ ಅಡುಗೆಮನೆ, ಅದರಾಚೆ ಮೇಷ್ಟ್ರ ಮಂಚ. ಇದನ್ನೆಲ್ಲ ನನ್ನ ಪುಸ್ತಕದಲ್ಲಿ ಅಲ್ಲೇ ನಿಂತು ಬರೆದುಕೊಂಡೆ.

ಕೆಳಗಿಳಿದು ಬಂದಾಗ ಮೇಷ್ಟ್ರು ಮಲಗಿದಲ್ಲಿಂದಲೇ ಕೈಮುಗಿದರು. "ಮಳೇಲಿ ಆ ತೊರೆಯೊಳಗೆ ಕಲ್ಲು ಉರುಳೋ ಸದ್ದು ಕೇಳುತ್ತಮ್ಮಾ. ಎದ್ದು ಓಡೋ ಹಾಗಿಲ್ಲ, ಅದಕ್ಕೆ ಎಣಿಸ್ತಾ ಮಲಗಿರ್ತೀನಿ. ನೀವು ಬಂದ್ರಲ್ಲ, ಇನ್ನು ಎಣಿಸೋದು ಬಿಡ್ತೀನಿ," ಅಂದರು. ಬಿಸ್ಕತ್ತಿನ ಡಬ್ಬಿಯನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಸಕ್ಕರೆ ಉದುರಿಸಿದ್ದು. ನಾನು ಆರು ತಿಂದೆ.

ಊರಿಗೆ ಬಂದವಳು ಮರುದಿನವೇ ನಮೂನೆ ತುಂಬಿಬಿಡಬಹುದಿತ್ತು. ತುಂಬಿದ್ದರೆ ಈ ಪತ್ರವೇ ಬೇರೆಯಾಗಿರುತ್ತಿತ್ತು. ಆದರೆ ಆ ಹಳೆಯ ಕಡತ ಜೋಡಿಸಬೇಕೆಂಬ ಹಟ ಹಿಡಿದಿತ್ತಲ್ಲ ನನಗೆ. ಅಷ್ಟರಲ್ಲಿ ನಿನ್ನ ಪತ್ರವೂ ಬಂತು. ಕಡತದ ಸುದ್ದಿ ನನ್ನ ಮೊದಲ ಪತ್ರದಲ್ಲೇ ಇತ್ತು, ನಾನು ಬಂದ ದಿನ ನೀನು ಅದರ ಮಾತೇ ಎತ್ತಲಿಲ್ಲ. ನಾನು ಹೋದ ಮೇಲೆ ನೀನು ಬರೆದೆ: 'ಆ ಕಡತ ಬೇಡ ಕಣೇ. ದಾಖಲೆ ಕೋಣೆಯಲ್ಲಿ ಬರೀ ಧೂಳು, ನಿನ್ನ ಉಬ್ಬಸಕ್ಕೆ ಆಗುವುದಿಲ್ಲ. ಬೇಡವೇ ಬೇಡ.' ಒಂದೇ ಪುಟದಲ್ಲಿ ಮೂರು 'ಬೇಡ' ಇದ್ದವು, ಎರಡರ ಕೆಳಗೆ ಗೆರೆ. ನನ್ನ ಉಸಿರಿನ ಬಗ್ಗೆ ಇವಳಿಗೆಷ್ಟು ಕಾಳಜಿ ಅಂತ ನಮ್ಮವರಿಗೆ ಓದಿ ಹೇಳಿದೆ. ನನ್ನ ದಡ್ಡತನಕ್ಕೆ ಏನು ಹೇಳಲಿ!

ಹೊಸ ಕಟ್ಟಡಕ್ಕೆ ಸಾಗಿಸಲು ಕಡತಗಳನ್ನೆಲ್ಲ ನೆಲಮಾಳಿಗೆಯಲ್ಲಿ ರಾಶಿ ಹಾಕಿದ್ದರು. ದಾಖಲೆ ನೋಡಿಕೊಳ್ಳುವಾಕೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂರು ದಿನ ಹುಡುಕಿದಳು. ಸಿಕ್ಕಿತು. ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಮನೆಗೆ ಹೋದಾಗ ನಮ್ಮವರು, "ಕಣ್ಣಿಗೇನಾಯ್ತು?" ಅಂದರು. "ಧೂಳು," ಅಂದೆ. ನಿನ್ನ ಮಾತು ಸುಳ್ಳಾಗಲಿಲ್ಲ ನೋಡು. ಆ ಕಡತದ ಮಾತು ಆಮೇಲೆ.

ಈಗ ನಮೂನೆ. ಅದರಲ್ಲಿ ಯಾವ ಪ್ರಶ್ನೆಗೆ ಯಾವ ಉತ್ತರ ಬಂದರೆ ಏನಾಗುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ, ಆ ನಮೂನೆ ನಿನ್ನ ಕೂಸು. ಕೆರೆಯ ಪ್ರಕರಣವಾಗಿ, ನಾನು ಕೆಳಗಿನ ಹುದ್ದೆಗಿಳಿದು, ನೀನು ಮುಖ್ಯಸ್ಥೆಯಾದ ವರ್ಷ ನೀನು ಹೊರಡಿಸಿದ ನಿಯಮವನ್ನು ಇನ್ನೂ ಗೋಡೆಗೆ ಅಂಟಿಸಿದ್ದಾರೆ: ಸ್ಥಳದಲ್ಲಿ, ಆ ದಿನ, ಸ್ವಂತ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯತಕ್ಕದ್ದು. ಊಹೆ, ನಕ್ಷೆ, ನೆರೆಹೊರೆಯವರ ಹೇಳಿಕೆ ಬರೆಯತಕ್ಕದ್ದಲ್ಲ. ಒಳ್ಳೆಯ ನಿಯಮ. ನಾನು ಅಕ್ಷರ ತಪ್ಪದೆ ಪಾಲಿಸಿದ್ದೇನೆ.

ನೀರು. ಆ ದಿನ ಹರಿಯುತ್ತಿದ್ದರೆ ಅದು ತೊರೆ, ಎರಡೂ ದಡದಲ್ಲಿ ಮರ ಬಿಡಬೇಕು. ಹರಿಯದಿದ್ದರೆ ಒಣ ತಗ್ಗು, ಏನೂ ಬಿಡಬೇಕಾಗಿಲ್ಲ. ಬೆಕ್ಕು ಮಲಗಿತ್ತಲ್ಲ? ಒಣ ತಗ್ಗು ಎಂದು ಬರೆದೆ. ನಿನ್ನ ಗೋಡೆಯ ನಾಲ್ಕು ಗೆರೆ ನೆರೆಹೊರೆಯವರ ಹೇಳಿಕೆ ಆಗುತ್ತದೆ, ಬರೆಯತಕ್ಕದ್ದಲ್ಲ. ಮೇಷ್ಟ್ರು ಎಣಿಸಿದ ಕಲ್ಲುಗಳೂ ಅಷ್ಟೇ.

ಪ್ರಾಣಿ ಪಕ್ಷಿ. ಗುಡ್ಡದ ನೆತ್ತಿಯಲ್ಲಿ ಒಂದು ಗೂಬೆಯ ಗೂಡು ಕಂಡಿತು, ಗೂಬೆಯೂ ಕಂಡಿತು. ಗೂಡಿನ ಸುತ್ತ ಐವತ್ತು ಹೆಜ್ಜೆ ಮರ ಮುಟ್ಟಬಾರದು ಅಂತ ನಿಯಮವಿದೆ. ಬರೆದೆ, ಬಿಟ್ಟಿದ್ದಾರೆ. ಗೂಬೆಗೆ ಸಿಕ್ಕಿದ್ದು ನಿನಗೆ ಸಿಗಲಿಲ್ಲವಲ್ಲ ಎಂದು ಬೇಸರಪಡಬೇಡ. ಅದು ಕಣ್ಣಿಗೆ ಕಂಡಿತ್ತು.

ಕೆಳಗಿನ ವಾಸದ ಮನೆಗಳು. ಮೂರಕ್ಕಿಂತ ಹೆಚ್ಚಿದ್ದರೆ ಪರಿಣಾಮ ಗಮನಾರ್ಹ, ಕಡಿಮೆಯಿದ್ದರೆ ಅಲ್ಲ. ಆ ಮೂರು ಎಂಬ ಅಂಕಿ ಎಲ್ಲಿಂದ ಬಂತು ಎಂದು ಹಿಂದೆ ನಾನು ಕೇಳಿದ್ದೆ. 'ಎಲ್ಲಾದ್ರೂ ಒಂದು ಕಡೆ ಗೆರೆ ಎಳೀಲೇಬೇಕಲ್ಲ' ಅಂದಿದ್ದೆ ನೀನು. ಎಳೆದ ಗೆರೆಯ ಕೆಳಗೆ ನೀನೇ ಮನೆ ಕಟ್ಟಿಸಿಕೊಂಡೆ. ಒಂದು ಎಂದು ಬರೆದೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂದೂ ಬರೆಯಬೇಕಲ್ಲ. ಸರ್ಕಾರಿ ಕಾಡಿನ ಮರದಿಂದ ಬರುವ ಹಣ ಶಾಲೆಗಳಿಗೆ ಹೋಗುತ್ತದೆ. ಈ ಏಳನೇ ತುಂಡು ಯಾವ ಶಾಲೆಯ ಹೆಸರಿನಲ್ಲಿದೆ ಅಂತ ಊಹಿಸು. ಮೇಷ್ಟ್ರು ಮೂವತ್ತು ವರ್ಷ ಪಾಠ ಮಾಡಿದ ಶಾಲೆ. ಮಳೆಗೆ ಸೋರಿ ಮಕ್ಕಳು ಬೆಂಚಿನ ಮೇಲೆ ಕಾಲೆತ್ತಿಕೊಂಡು ಕೂರುತ್ತಾರೆ ಅಂತ ಅವರು ಎಷ್ಟು ಸಲ ಅರ್ಜಿ ಬರೆದಿಲ್ಲ? ಈಗ ಹೊಸ ಚಾವಣಿ ಬರುತ್ತದೆ. ಅವರಿಗೆ ಈ ಸುದ್ದಿ ಹೇಳು, ಖಂಡಿತ ಸಂತೋಷಪಡುತ್ತಾರೆ. ಅವರು ನಿನ್ನ ಹಾಗಲ್ಲ, ನನ್ನ ಹಾಗೂ ಅಲ್ಲ.

ಕೊನೆಗೆ ಉಳಿದದ್ದು ಹನ್ನೊಂದನೇ ಪ್ರಶ್ನೆ. 'ಮಣ್ಣು ಜಾರುತ್ತಿರುವ ಲಕ್ಷಣಗಳಿವೆಯೇ? ಇದ್ದಲ್ಲಿ ಕಾರಣ?' ಇದರಲ್ಲಿ ಕಾರಣ ಇಂಥದ್ದೆಂದು ಬರೆದರೆ ಪೂರ್ಣ ಅಧ್ಯಯನ ಕಡ್ಡಾಯ. ಅಂದರೆ ಎರಡು ವರ್ಷ ಯಾರೂ ಒಂದು ಕೊಂಬೆ ಮುರಿಯುವ ಹಾಗಿಲ್ಲ. ಪೆನ್ನು ಹಿಡಿದುಕೊಂಡು ಒಂದು ಮಧ್ಯಾಹ್ನ ಪೂರ್ತಿ ಆ ಪ್ರಶ್ನೆಯ ಮುಂದೆ ಕೂತಿದ್ದೆ. ನನ್ನ ಮೇಲೆ ನಿನಗೆ ಏನೂ ಕರುಣೆ ಹುಟ್ಟದಿರಲಿ, ಆದರೆ ಇದು ತಿಳಿದಿರಲಿ, ಸುಲಭವಾಗಿ ಬರೆಯಲಿಲ್ಲ. ಮೇಷ್ಟ್ರ ಬಿಸ್ಕತ್ತಿನ ಡಬ್ಬಿ ಕಣ್ಣ ಮುಂದೆ ಬರುತ್ತಿತ್ತು. ಅವರು ನನಗೇನೂ ಮಾಡಿಲ್ಲ. ನನಗದು ಗೊತ್ತು. ಗೊತ್ತಿದ್ದೂ ಬರೆದೆ. ಏನು ಬರೆದೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ನನ್ನ ವರದಿ ಸಾಹೇಬರ ಮೇಜಿಗೆ ಹೋಯಿತು. ಚಿಕ್ಕವರಾದರೂ ಬುದ್ಧಿವಂತರು, ಅದನ್ನು ಒಪ್ಪಿಕೊಳ್ಳಬೇಕು. ಕರೆಸಿ ಕೂರಿಸಿದರು. ಬೆರಳು ನೇರವಾಗಿ ಹನ್ನೊಂದನೆಯದರ ಮೇಲಿತ್ತು.

"ಮೇಡಂ, ಈ ಬಾಗಿದ ಮರಗಳು ನೋಡಿದ್ರೆ ನನಗ್ಯಾಕೋ ಸರಿ ಅನ್ನಿಸ್ತಿಲ್ಲ. ಮಳೇಲಿ ಇನ್ನೊಂದ್ಸಲ ಹೋಗಿ ನೋಡೋದು ಬೇಡ್ವಾ? ಆ ಚೌಕ ಖಾಲಿ ಬಿಟ್ಟಿದ್ದೀರಿ."

"ಅದು ಸ್ಥಳ ನೋಡಿದವರ ವಿವೇಚನೆಗೆ ಬಿಟ್ಟದ್ದು ಸರ್."

"ನೀವು ಇಷ್ಟು ವರ್ಷ ಈ ಕೆಲಸ ಮಾಡಿದೋರು. ನಿಮ್ಮ ಮನಸ್ಸಿಗೆ ಏನನ್ಸುತ್ತೆ?"

"ಮನಸ್ಸಿಗೆ ಅನ್ನಿಸಿದ್ದು ಬರೆಯೋ ಹಾಗಿಲ್ಲ ಸರ್. ನಿಯಮ ಗೋಡೆ ಮೇಲಿದೆ."

ಅವರು ಎದ್ದು ಹೋಗಿ ಗೋಡೆಯ ಮೇಲಿನದನ್ನು ಓದಿದರು. "ಯಾರು ಬರೆದಿದ್ದು ಇದನ್ನ?"

"ಹಿಂದಿನ ಮುಖ್ಯಸ್ಥೆ ಸರ್. ಭಾಳ ಕಟ್ಟುನಿಟ್ಟು."

"ಈಗೆಲ್ಲಿದ್ದಾರೆ? ಒಂದು ಮಾತು ಕೇಳಬಹುದಿತ್ತು."

"ರಿಟೈರ್ ಆಗಿದ್ದಾರೆ ಸರ್. ಎಲ್ಲೋ ದೂರ ಸಣ್ಣ ಮನೆ ಕಟ್ಟಿಸ್ಕೊಂಡು ಯಜಮಾನರ ಸೇವೆ ಮಾಡ್ಕೊಂಡಿದ್ದಾರಂತೆ. ಅವರನ್ನ ಯಾಕೆ ಸುಮ್ನೆ ತೊಂದರೆಪಡಿಸೋದು."

ಸಾಹೇಬರು ಸಹಿ ಹಾಕಿದರು. ಗೆರೆ, ಅವರು ಆ ಸಹಿ ಹಾಕುವಾಗ ಪೆನ್ನು ಒಂದು ಕ್ಷಣ ನಿಂತಿತು. ನಾನು ಒಂದು ಮಾತಾಡಿದ್ದರೆ ಸಾಕಿತ್ತು. ಆಡಲಿಲ್ಲ. ಆ ಕ್ಷಣವನ್ನು ನಾನು ಬಚ್ಚಿಡುವುದಿಲ್ಲ, ನೀನು ಬೇಕಾದಾಗಲೆಲ್ಲ ತೆಗೆದು ನೋಡು.

'ಗಮನಾರ್ಹ ಪರಿಣಾಮವಿಲ್ಲ.' ಮೇ ಹನ್ನೆರಡರಂದು ನಿರ್ಣಯ ಹೊರಬಿತ್ತು. ಆಕ್ಷೇಪಣೆ ಸಲ್ಲಿಸಿದವರಿಗೆಲ್ಲ ಅಂಚೆಯಲ್ಲಿ ಪ್ರತಿ ಕಳಿಸುತ್ತಾರೆ. ನೀನು ಸಲ್ಲಿಸಿರಲಿಲ್ಲ, ನಾನು ಬೇಡ ಅಂದಿದ್ದೆ. ಉಳಿದವರು ಕಚೇರಿಯ ಫಲಕ ನೋಡಿಕೊಳ್ಳಬೇಕು. ಅದು ಹಳೆಯ ಕಟ್ಟಡದ ಫಲಕ, ಈಗ ಅಲ್ಲಿ ಬಣ್ಣ ಬಳಿಯುವವರು ಊಟ ಮಾಡುತ್ತಾರೆ. ಎರಡು ದಿನ ಬಿಟ್ಟು ನಿನಗೊಂದು ಕಾರ್ಡು ಹಾಕಿದೆ, ಎಲ್ಲ ಸರಿಯಾಗಿ ನಡೆಯುತ್ತಿದೆ ಅಂತ. ನಾನು ಸುಳ್ಳು ಬರೆದೆನೇ? ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು.

ಮೇಲ್ಮನವಿಗೆ ಇಪ್ಪತ್ತೊಂದು ದಿನ. ನಿನ್ನೆ ಸಂಜೆ ಐದು ಗಂಟೆಗೆ ಮುಗಿಯಿತು. ಐದೂ ಐದಕ್ಕೆ ಮೇಜಿನ ಮೇಲಿದ್ದದ್ದನ್ನೆಲ್ಲ ಸರಿಸಿ ಈ ಕಾಗದ ಎಳೆದುಕೊಂಡೆ, ತಾರೀಕು ಮಾತ್ರ ಇವತ್ತಿನದು ಹಾಕಿದ್ದೇನೆ. ತಡಕ್ಕೆ ಕಾರಣ ಇಷ್ಟೇ.

ಮುಂದಿನ ವಾರ ಗರಗಸ ಬರುತ್ತದೆ. ಮೊದಲು ರಸ್ತೆ ಮಾಡುತ್ತಾರೆ, ನಿನ್ನ ಬೇಲಿಯ ಪಕ್ಕದಿಂದ. ಇಂಜಿನಿಯರ್ ಈಗ ಬೇರೆ ಬೂಟು ತೊಟ್ಟುಕೊಂಡು ಬರುತ್ತಾನಂತೆ. ಈ ಮಳೆಗಾಲಕ್ಕೆ ಏನೂ ಆಗುವುದಿಲ್ಲ, ಹೆದರಬೇಡ. ಅದು ನಿನಗೂ ಗೊತ್ತಿರುವ ವಿಷಯ. ಕಡಿದ ವರ್ಷ ಗುಡ್ಡ ಕದಲುವುದಿಲ್ಲ, ಬೇರುಗಳು ಸತ್ತ ಮೇಲೂ ಸ್ವಲ್ಪ ಕಾಲ ಹಿಡಿದುಕೊಂಡಿರುತ್ತವೆ. ಕೊಳೆಯಲು ಮೂರು ವರ್ಷ ಬೇಕು, ಕೆಲವೊಮ್ಮೆ ಐದು. ಅಲ್ಲಿಯವರೆಗೆ ಪ್ರತಿ ಮಳೆಗೂ ನೀನು ಗೋಡೆಯ ಮೇಲೆ ಗೆರೆ ಎಳೆಯುತ್ತಿರು, ಮೇಷ್ಟ್ರು ಎಣಿಸುತ್ತಿರಲಿ. ಮನೆ ಮಾರಲು ನೋಡಬೇಡ, ಬೋಳು ಗುಡ್ಡದ ಕೆಳಗಿನ ಮನೆಯನ್ನು ಯಾರು ಕೊಳ್ಳುತ್ತಾರೆ? ಆದರೆ ಮೇಷ್ಟ್ರನ್ನು ಅವರ ತಂಗಿಯ ಮನೆಗಾದರೂ ಸಾಗಿಸು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅವರನ್ನು ಸಾಗಿಸು, ಮೂರನೇ ಮಳೆಗೆ ಮುಂಚೆ. 'ಯಾಕೆ ಹೋಗಬೇಕು, ಅವರು ಬಂದು ನೋಡಿದಾರಲ್ಲ' ಎಂದು ಕೇಳಿದರೆ ಏನು ಹೇಳುತ್ತೀಯೋ ಅದು ನಿನಗೆ ಬಿಟ್ಟದ್ದು. ಈ ಪತ್ರವನ್ನೇ ಓದಿ ಹೇಳಬಹುದು. ನೀನು ಓದಲಾರೆ ಎಂದು ನನಗೆ ಗೊತ್ತು, ಯಾಕೆ ಓದಲಾರೆ ಎಂಬುದೂ ಗೊತ್ತು.

ದೂರು ಕೊಡಬೇಕೆನಿಸಿದರೆ ಧಾರಾಳವಾಗಿ ಕೊಡು. ನನ್ನ ಮೊದಲ ಪತ್ರ, ಆ ಕಾರ್ಡು, ಈ ಪತ್ರ, ಮೂರನ್ನೂ ಜೋಡಿಸು. ವಿಚಾರಣೆಯಾದರೆ ನಾನು ಬಂದು ಸತ್ಯವನ್ನೇ ಹೇಳುತ್ತೇನೆ. ಆಗ ಹಳೆಯ ಕಡತವನ್ನೂ ಮೇಜಿನ ಮೇಲೆ ಇಡಬೇಕಾಗುತ್ತದೆ. ಅದೀಗ ನನ್ನ ಮನೆಯಲ್ಲಿದೆ, ಬಟ್ಟೆಯ ಬೀರುವಿನಲ್ಲಿ. ಧೂಳೆಲ್ಲ ಒರೆಸಿಟ್ಟಿದ್ದೇನೆ.

ಪತ್ರ ಮುಗಿಸುವಾಗ ಇಬ್ಬರೂ ನೂರು ಕಾಲ ಬಾಳಿ ಎಂದು ಹಾರೈಸುವುದು ವಾಡಿಕೆ. ಹಾರೈಸಿದ್ದೇನೆ. ಮೇಷ್ಟ್ರ ಮಟ್ಟಿಗೆ ಅದು ಹೃದಯದಿಂದ ಬಂದದ್ದು. ನಿನ್ನ ಮಟ್ಟಿಗೆ ಬರೀ ಆಯುಸ್ಸು ಹಾರೈಸುತ್ತೇನೆ. ಬೇರು ಕೊಳೆಯುವವರೆಗೆ ಬೇಕಾಗುತ್ತದೆ.

ಇಂತಿ ನಿನ್ನ
ಕೋಲು

ಮರೆತ ಮಾತು: ಮರೆತಿರಲಿಲ್ಲ, ಆದರೆ ಇದನ್ನು ಸಹಿಗಿಂತ ಮೇಲೆ ಬರೆಯಲು ಕೈ ಬರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ಕೆರೆಯ ಮೇಲಿನ ಗುಡ್ಡದಲ್ಲಿ ನನ್ನ ಪಾಲಿನ ತೊರೆ ನೋಡಬೇಕಾದ ದಿನ ಬೆಳಗ್ಗೆ, ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದವಳಿಗೆ ರಕ್ತ ಹೋಗಲು ಶುರುವಾಯಿತು. ಐದು ತಿಂಗಳು. ಒಂಬತ್ತು ವರ್ಷ ಕಾದು ಸಿಕ್ಕಿದ್ದ ಐದು ತಿಂಗಳು. ಕಚೇರಿಯ ಜೀಪಿನಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದೊಯ್ದವಳು ನೀನು. ಬೂಟುಗಳನ್ನು ನೆಲದ ಮೇಲಿಡಬೇಡಿ ಎಂದು ನರ್ಸ್ ಗದರಿದ್ದಕ್ಕೆ ಮಡಿಲಲ್ಲಿಟ್ಟುಕೊಂಡು ಕೂತೆ. ಸಂಜೆ ಎಲ್ಲ ಮುಗಿದ ಮೇಲೆ ನನ್ನ ಹಣೆ ಸವರಿ, "ನೀನು ಮಲಗು. ನಿನ್ನ ತೊರೆ ನಾನು ನೋಡ್ಕೋತೀನಿ," ಅಂದೆ. ನೋಡಲಿಲ್ಲ. ಕಚೇರಿಯಲ್ಲಿ ಕೂತು ನಕ್ಷೆ ನೋಡಿ ನನ್ನ ಹೆಸರಿನಲ್ಲಿ ತುಂಬಿದೆ, ಒಂದು ತೊರೆ ಬಿಟ್ಟುಹೋಯಿತು. ಅದರ ಮೂಲಕ ಕೆಸರು ಕೆರೆಗಿಳಿಯಿತು. ಅದಕ್ಕೂ ನಾನು ನಿನ್ನನ್ನು ದೂರಲಿಲ್ಲ. ನಾನು ಮಲಗಿರದಿದ್ದರೆ ಹೀಗಾಗುತ್ತಿತ್ತೇ ಎಂದು ನನ್ನನ್ನೇ ದೂರಿಕೊಂಡೆ. ನನ್ನನ್ನು ಕೆಳಗಿಳಿಸಿದ ದಿನ ನೀನು ನನ್ನ ಕೈ ಹಿಡಿದುಕೊಂಡು, "ಎಲ್ಲಾ ಹೇಳ್ದೆ ಕಣೇ, ನೀನು ಯಾವ ಸ್ಥಿತಿಲಿದ್ದೆ ಅಂತ ಎಲ್ಲಾ ಹೇಳ್ದೆ. ಆ ಕಲ್ಲು ಮನಸ್ಸಿನವರು ಕೇಳಲೇ ಇಲ್ಲ," ಅಂತ ಅತ್ತೆ. ಇಪ್ಪತ್ತೆರಡು ವರ್ಷ ನಾನು ಆ ಕಣ್ಣೀರನ್ನು ನೆನೆದುಕೊಂಡು ಗುಡ್ಡ ಹತ್ತಿದ್ದೇನೆ.

ಕಡತದ ಮೂವತ್ತನಾಲ್ಕನೇ ಪುಟದಲ್ಲಿ ನಿನ್ನ ಹೇಳಿಕೆ ಇದೆ. ಒಂದೇ ಪುಟ. ನಿನ್ನದೇ ಕೈಬರಹ, ಕೆಳಗೆ ನಿನ್ನದೇ ಸಹಿ. 'ಆ ದಿನ ಸಹೋದ್ಯೋಗಿ ಸ್ಥಳಕ್ಕೆ ಬಂದಿರಲಿಲ್ಲ. ತೊರೆಯ ವಿವರಗಳನ್ನು ಆಕೆಯೇ ತುಂಬಿರುತ್ತಾರೆ. ಗೈರುಹಾಜರಿಗೆ ಕಾರಣ ತಿಳಿದಿಲ್ಲ.'

ನನ್ನ ಮಗುವಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ದಾಖಲೆ ಕಣೇ. ಅದರಲ್ಲಿ ನೀನು ಅದನ್ನು ಕರೆದದ್ದು ಹೀಗೆ.

ಹನ್ನೊಂದನೇ ಪ್ರಶ್ನೆಗೆ ನಾನು ಬರೆದದ್ದು: 'ನಲವತ್ತೊಂದು ಮರಗಳ ಬುಡ ಬಾಗಿದೆ. ಕಾರಣ ತಿಳಿದಿಲ್ಲ.'